ಚೆನ್ನಾಗಿ ಓಡುತ್ತಿರುವ ಹೈಬ್ರಿಡ್ ಕೊಟ್ಟು ಏಳು ಸೀಟಿನ ಕಾರು ತೆಗೆದುಕೊಳ್ಳಬೇಕಾ? ಮನೆಯಲ್ಲಿ ಈಗ ಆರು ಜನ

ಸಾಗರದ ಮಗಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗಿದೆ, ದಯವಿಟ್ಟು ಪೂರ್ತಿ ಓದಿ ಹೇಳಿ.

ನಮ್ಮದು ಮಾರುತಿ ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್, ಅಂದರೆ ಪೆಟ್ರೋಲ್ ಎಂಜಿನ್ ಜೊತೆಗೆ ಬರೀ ಬ್ಯಾಟರಿಯಲ್ಲೂ ಸ್ವಲ್ಪ ದೂರ ಓಡುವ ಗಾಡಿ. 2023ರ ಜನವರಿಯಲ್ಲಿ ತೆಗೆದುಕೊಂಡಿದ್ದು, 46 ಸಾವಿರ ಕಿಲೋಮೀಟರ್ ಆಗಿದೆ. ಇಷ್ಟು ದಿನದಲ್ಲಿ ಒಂದು ಸಲವೂ ಕೈಕೊಟ್ಟಿಲ್ಲ. ಸರ್ವೀಸ್, ಒಮ್ಮೆ ಟೈರು, ಅಷ್ಟೇ ಖರ್ಚು. ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಲೀಟರಿಗೆ 22 ಕೊಡುತ್ತದೆ. ಸಿಲ್ಕ್ ಬೋರ್ಡ್ ಕಡೆ ಸಿಕ್ಕಿಹಾಕಿಕೊಂಡರೆ ಮುಕ್ಕಾಲು ಪಾಲು ಹೊತ್ತು ಎಂಜಿನ್ ಸದ್ದೇ ಇರುವುದಿಲ್ಲ, ಬ್ಯಾಟರಿಯಲ್ಲೇ ನಿಧಾನಕ್ಕೆ ಮುಂದೆ ಹೋಗುತ್ತಿರುತ್ತದೆ. ಸಾಯಂಕಾಲ ಆಫೀಸಿನಿಂದ ದಣಿದು ಬರುವಾಗ ಆ ನಿಶ್ಶಬ್ದ ಎಷ್ಟು ಹಿತ ಅಂತ ಓಡಿಸಿದವರಿಗೇ ಗೊತ್ತು. ಈ ಕಾರು ಅಂದರೆ ನನಗೆ ಪ್ರೀತಿ.

ತೊಂದರೆ ಏನೆಂದರೆ, ಅಪ್ಪನಿಗೆ ಎಡ ಮಂಡಿ ಆಪರೇಷನ್ ಆಯಿತು. ಅಪ್ಪ ಅಮ್ಮ ಊರಿಂದ ಬಂದು ನಮ್ಮ ಜೊತೆಯೇ ಇದ್ದಾರೆ, ಇನ್ನು ಮುಂದೆಯೂ ಇಲ್ಲೇ ಇರುತ್ತಾರೆ. ನಾವಿಬ್ಬರು, ಒಂಬತ್ತು ವರ್ಷದ ಮಗ, ಐದು ವರ್ಷದ ಮಗಳು, ಅಪ್ಪ, ಅಮ್ಮ. ಕಾರಿನಲ್ಲಿ ಐದೇ ಸೀಟು. ನಾನು ಓಡಿಸುತ್ತೇನೆ, ಕಾಲು ಚಾಚಲು ಜಾಗ ಬೇಕೆಂದು ಅಪ್ಪ ಮುಂದೆ, ಉಳಿದವರೆಲ್ಲ ಹಿಂದೆ, ಮಗಳು ಅಜ್ಜಿಯ ತೊಡೆ ಮೇಲೆ. ಹೋದ ತಿಂಗಳು ಊರಿಗೆ ಹೋಗುವಾಗ ಅರಸೀಕೆರೆ ದಾಟಿದ ಮೇಲೆ ಎಮ್ಮೆ ಅಡ್ಡ ಬಂತು. ಜೋರಾಗಿ ಬ್ರೇಕ್ ಹಾಕಿದೆ. ಮಗಳು ಜಾರಿ ಹೋಗಿ ಮುಂದಿನ ಸೀಟಿನ ಬೆನ್ನಿಗೆ ಹಣೆ ಬಡಿಸಿಕೊಂಡಳು. ಸಣ್ಣ ಬುಗುಟು ಅಷ್ಟೇ, ಆದರೆ ಅವತ್ತಿನಿಂದ ನನಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ.

ಇನ್ನೊಂದು ತೊಂದರೆ ಡಿಕ್ಕಿಯದು, ಹಿಂದೆ ಸಾಮಾನು ಇಡುವ ಜಾಗ. ಹೈಬ್ರಿಡ್ ಬ್ಯಾಟರಿ ಡಿಕ್ಕಿಯ ನೆಲದಡಿ ಇರುವುದರಿಂದ ಜಾಗ 265 ಲೀಟರ್, ಅದೇ ಕಾರಿನ, ಚಿಕ್ಕ ಬ್ಯಾಟರಿಯ ಮೈಲ್ಡ್ ಹೈಬ್ರಿಡ್‌ನಲ್ಲಿ 373. ನಾಲ್ಕು ಜನ ಇದ್ದಾಗ ಇದು ಗೊತ್ತೇ ಆಗಿರಲಿಲ್ಲ. ಈಗ ಅಪ್ಪನ ವಾಕರ್ ಮಡಚಿಟ್ಟರೆ ಮೇಲೆ ಎರಡು ಬ್ಯಾಗು, ಮುಗಿಯಿತು. ಊರಿಂದ ಬರುವಾಗ ತೆಂಗಿನಕಾಯಿ ಚೀಲ, ಬಾಳೆಗೊನೆ ಬೇಡ ಅಂದರೆ ಅಮ್ಮನಿಗೆ ಬೇಜಾರು. ಹೋದ ಸಲ ಅಪ್ಪೆಮಿಡಿ ಭರಣಿಯನ್ನು ಅಮ್ಮ ಎರಡೂ ಪಾದದ ನಡುವೆ ಒತ್ತಿ ಹಿಡಿದುಕೊಂಡೇ ಬೆಂಗಳೂರು ತನಕ ಬಂದರು.

ಮೂರು ಸಾಲು ಸೀಟಿನ ಟೊಯೊಟಾ ಇನ್ನೋವಾ ಹೈಕ್ರಾಸ್, ಕಿಯಾ ಕಾರೆನ್ಸ್, ಮಾರುತಿ ಎರ್ಟಿಗಾ ಮೂರನ್ನೂ ಯೋಚಿಸುತ್ತಿದ್ದೇವೆ. ನಮ್ಮದಕ್ಕೆ 12ರಿಂದ 13 ಲಕ್ಷ ಬರಬಹುದು. ಅದರ ಮೇಲೆ 12 ಲಕ್ಷದ ತನಕ ಹಾಕಬಲ್ಲೆವು, ಅದಕ್ಕಿಂತ ಜಾಸ್ತಿ ಆಗುವುದಿಲ್ಲ. ನಮ್ಮವರು "ಚೆನ್ನಾಗಿರುವ ಗಾಡಿಯನ್ನು ಯಾರಾದರೂ ಕೊಡ್ತಾರಾ" ಅನ್ನುತ್ತಿದ್ದಾರೆ. ನೀವೇನು ಹೇಳುತ್ತೀರಿ?

ತುಮಕೂರು ರಸ್ತೆ:

ಅಕ್ಕ, ಮೊದಲು ಒಂದು ಲೆಕ್ಕ ಮಾಡಿ. ಆರು ಜನವೂ ಒಟ್ಟಿಗೆ ಕಾರಿನಲ್ಲಿ ಇರುವುದು ವರ್ಷಕ್ಕೆ ಎಷ್ಟು ದಿನ?

ಊರಿಗೆ ವರ್ಷಕ್ಕೆ ನಾಲ್ಕು ಸಲ ಹೋಗುತ್ತೀರಿ ಅಂದುಕೊಳ್ಳೋಣ. ಆ ನಾಲ್ಕು ಸಲ ಬಾಡಿಗೆಗೆ ಇನ್ನೋವಾ ಮಾಡಿಕೊಳ್ಳಿ. ನಾನು ಕೊಡುವುದು ಕಿಲೋಮೀಟರಿಗೆ 20 ರೂಪಾಯಿ, ದಿನಕ್ಕೆ ಕಡಿಮೆ ಅಂದರೂ 300 ಕಿಲೋಮೀಟರ್ ಲೆಕ್ಕ ಹಿಡಿಯುತ್ತಾರೆ, ಡ್ರೈವರ್ ಬಾಟಾ ಬೇರೆ. ನಾಲ್ಕು ದಿನದ ಒಂದು ಟ್ರಿಪ್ಪಿಗೆ 26 ಸಾವಿರ ಹತ್ತಿರ. ನಾಲ್ಕು ಸಲಕ್ಕೆ ಒಂದು ಲಕ್ಷದ ಮೇಲೆ ಸ್ವಲ್ಪ.

ಈಗ ಆ ಕಡೆ ನೋಡಿ. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಕಾರಿಗೆ ರಸ್ತೆ ತೆರಿಗೆ 18 ಪರ್ಸೆಂಟ್, ಆ ತೆರಿಗೆಯ ಮೇಲೆ ಮತ್ತೆ 11 ಪರ್ಸೆಂಟ್ ಸೆಸ್. ಹತ್ತಿರ ಹತ್ತಿರ 20 ಆಯಿತು. ಉತ್ತರ ಪ್ರದೇಶದಲ್ಲಿ 2024ರಲ್ಲಿ ಸ್ಟ್ರಾಂಗ್ ಹೈಬ್ರಿಡ್‌ಗೆ ಈ ತೆರಿಗೆ ಬಿಟ್ಟುಕೊಟ್ಟರು, ನಮ್ಮಲ್ಲಿ ಹಾಗೇನೂ ಇಲ್ಲ. 28 ಲಕ್ಷದ ಹೈಕ್ರಾಸ್ ತೆಗೆದುಕೊಂಡರೆ ಬರೀ ರಸ್ತೆ ತೆರಿಗೆಯೇ ಐದೂವರೆ ಲಕ್ಷ. ನಿಮ್ಮ ಐದು ವರ್ಷದ ಬಾಡಿಗೆ ಅಲ್ಲಿಗೇ ಹೋಯಿತು. ಅದೂ ಬಿಡದಿಯಲ್ಲಿ ಆಗುವ ಗಾಡಿ, ನಮ್ಮ ಮನೆ ಬಾಗಿಲಲ್ಲೇ ಮಾಡಿ ನಮಗೇ ಇಷ್ಟು ತೆರಿಗೆ ಅಂದರೆ ಹೊಟ್ಟೆ ಉರಿಯುತ್ತದೆ.

ನನ್ನ ಮಾತು ಕೇಳಿದರೆ ಇರುವುದನ್ನು ಇಟ್ಟುಕೊಳ್ಳಿ. ನಿಮ್ಮ ಬ್ಯಾಟರಿಗೆ 8 ವರ್ಷ ಅಥವಾ 1.6 ಲಕ್ಷ ಕಿಲೋಮೀಟರ್ ವಾರಂಟಿ ಇದೆ, ಇನ್ನೂ ಅರ್ಧವೂ ಆಗಿಲ್ಲ.

ಶಿವಮೊಗ್ಗ ಮೇಷ್ಟ್ರು:

ದುಡ್ಡಿನ ಮಾತು ಆಮೇಲೆ ಆಡೋಣ. ಮಗುವನ್ನು ತೊಡೆ ಮೇಲೆ ಕೂರಿಸುವುದನ್ನು ಇವತ್ತೇ ನಿಲ್ಲಿಸಿ ತಾಯಿ. ನಾಳೆ ಹೊಸ ಕಾರು ಬರಲಿ ಬಿಡಲಿ, ಇದು ಇವತ್ತಿನ ಕೆಲಸ.

ಐವತ್ತರ ವೇಗದಲ್ಲಿ ಗಾಡಿ ಎಲ್ಲಾದರೂ ಗುದ್ದಿದರೆ ಹದಿನೆಂಟು ಕೆಜಿಯ ಮಗು ಹದಿನೆಂಟು ಕೆಜಿ ಆಗಿ ಉಳಿಯುವುದಿಲ್ಲ, ಅದರ ಹತ್ತಿಪ್ಪತ್ತು ಪಟ್ಟು ಭಾರದಲ್ಲಿ ಮುಂದಕ್ಕೆ ಎಳೆಯುತ್ತದೆ. ಯಾವ ಅಜ್ಜಿಯ ಕೈಗೂ ಆ ಭಾರ ನಿಲ್ಲುವುದಿಲ್ಲ. ಹಿಂದಿರುವ ಅಜ್ಜಿ ಬೆಲ್ಟ್ ಹಾಕಿರದಿದ್ದರೆ ಮಗು ಅವರಿಗೂ ಮುಂದಿನ ಸೀಟಿಗೂ ನಡುವೆ ಸಿಕ್ಕಿಕೊಳ್ಳುತ್ತದೆ. ನಿಮಗೆ ಎಮ್ಮೆ ಎಚ್ಚರಿಕೆ ಕೊಟ್ಟು ಹೋಗಿದೆ. ನನ್ನ ಹತ್ತಿರದವರ ಮನೆಯಲ್ಲಿ ಎಚ್ಚರಿಕೆ ಸಿಗಲಿಲ್ಲ. ಅದಕ್ಕಿಂತ ಜಾಸ್ತಿ ಬರೆಯಲು ಆಗುವುದಿಲ್ಲ.

ಐದು ಸೀಟಿನ ಗಾಡಿಯಲ್ಲಿ ಐದೇ ಜನ. ಆರನೆಯವರು ಬಸ್ಸಿಗೋ ರೈಲಿಗೋ ಬರಲಿ. ತಾಳಗುಪ್ಪ ತನಕ ರೈಲು ಇದೆಯಲ್ಲ, ಸಾಗರದಲ್ಲೇ ಇಳಿಯಬಹುದು.

ಹೈಕ್ರಾಸ್ ಮಾಲೀಕ:

ಎರಡು ವರ್ಷದಿಂದ ಹೈಕ್ರಾಸ್ ಹೈಬ್ರಿಡ್ ಓಡಿಸುತ್ತಿದ್ದೇನೆ, 38 ಸಾವಿರ ಆಗಿದೆ. ನಮ್ಮ ಮನೆಯಲ್ಲೂ ಮಂಡಿ ನೋವಿನ ತಾಯಿ ಇದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಒಂದು ವಿಷಯ, ತುಂಬಾ ಜನ ಇಲ್ಲೇ ಎಡವುತ್ತಾರೆ. ಏಳು ಸೀಟು ಅಂದ ಕೂಡಲೇ ಡಿಕ್ಕಿ ದೊಡ್ಡದು ಅಂದುಕೊಳ್ಳಬೇಡಿ. ಮೂರನೇ ಸಾಲಿನಲ್ಲಿ ಜನ ಕೂತಾಗ ಎರ್ಟಿಗಾದಲ್ಲಿ ಉಳಿಯುವುದು 209 ಲೀಟರ್, ಕಾರೆನ್ಸ್‌ನಲ್ಲಿ 216. ನಿಮ್ಮ ಈಗಿನ 265ಕ್ಕಿಂತಲೂ ಕಡಿಮೆ! ಆರು ಜನ ಆರಾಮಾಗಿ ಕೂತಿರಿ, ಸರಿ, ವಾಕರ್ ಎಲ್ಲಿ ಇಡುತ್ತೀರಿ? ಎರ್ಟಿಗಾ ಸಿಎನ್‌ಜಿ ಅಂತೂ ಕೇಳಲೇಬೇಡಿ, ಸಿಲಿಂಡರ್ ಇರುವುದೇ ಮೂರನೇ ಸಾಲಿನ ಹಿಂದೆ. ಹೈಕ್ರಾಸ್‌ನಲ್ಲಿ ಮೂರೂ ಸಾಲು ಬಳಸಿದರೂ 300 ಲೀಟರ್ ಇದೆ, ಮೂರನೇ ಸಾಲು ಪೂರ್ತಿ ಮಡಚಿದರೆ 991.

ಮೈಲೇಜ್ ನಿಮ್ಮ ಈಗಿನದರಷ್ಟು ಬರುವುದಿಲ್ಲ. ಕಂಪನಿ ಹೇಳುವುದು 23.24, ನನಗೆ ಸಿಟಿಯಲ್ಲಿ 16ರಿಂದ 17 ಬರುತ್ತದೆ. ಅದು 2 ಲೀಟರ್ ಎಂಜಿನ್, ಗಾಡಿಯೂ ಭಾರ. ತಿಂಗಳಿಗೆ 1,200 ಕಿಲೋಮೀಟರ್ ಓಡಿಸಿದರೆ ನಿಮಗಿಂತ ಎರಡು ಸಾವಿರ ರೂಪಾಯಿ ಜಾಸ್ತಿ ಪೆಟ್ರೋಲ್. ಹೈಬ್ರಿಡ್ ಅಲ್ಲದ ಪೆಟ್ರೋಲ್ ಗಾಡಿಗೆ ಹೋದರೆ ಸಿಟಿಯಲ್ಲಿ 11, 12ಕ್ಕೆ ಇಳಿಯುತ್ತದೆ, ಆಗ ಐದು ಸಾವಿರದಷ್ಟು ಜಾಸ್ತಿ. ಟ್ರಾಫಿಕ್ಕಿನಲ್ಲಿ ನಿಮಗಿಷ್ಟವಾದ ಆ ನಿಶ್ಶಬ್ದ ಹೈಕ್ರಾಸ್‌ನಲ್ಲೂ ಸಿಗುತ್ತದೆ.

ಮಂಡಿ ವಿಷಯ. ಹಳೆಯ ಇನ್ನೋವಾ ಕ್ರಿಸ್ಟಾ ಲ್ಯಾಡರ್ ಫ್ರೇಮ್ ಗಾಡಿ, ಅಂದರೆ ಲಾರಿಯ ಹಾಗೆ ಚಾಸಿಯ ಮೇಲೆ ಬಾಡಿ ಕೂರಿಸಿದ್ದು, ನೆಲ ಎತ್ತರ, ಕಾಲು ಎತ್ತಿ ಹತ್ತಬೇಕು. ನಮ್ಮ ಅಮ್ಮನಿಗೆ ಅದು ಆಗುತ್ತಿರಲಿಲ್ಲ. ಹೈಕ್ರಾಸ್ ಮೊನೊಕಾಕ್, ಅಂದರೆ ಚಾಸಿ ಬಾಡಿ ಎರಡೂ ಒಂದೇ, ನೆಲ ತಗ್ಗಿದೆ. ಆದರೂ ನನ್ನ ಮಾತು ನಂಬಿ ಬುಕ್ ಮಾಡಬೇಡಿ. ಅಪ್ಪನನ್ನು ವಾಕರ್ ಸಮೇತ ಶೋರೂಮಿಗೆ ಕರೆದುಕೊಂಡು ಹೋಗಿ, ಕನಿಷ್ಠ ಮೂರು ಸಲ ಹತ್ತಿ ಇಳಿಯಲಿ. ಮೊದಲನೇ ಸಲ ಎಲ್ಲರೂ ಹತ್ತುತ್ತಾರೆ. ಮೂರನೇ ಸಲ ಮುಖ ನೋಡಿ, ಗೊತ್ತಾಗುತ್ತದೆ.

ಸಾಗರದ ಮಗಳು:

ಎಲ್ಲರಿಗೂ ಧನ್ಯವಾದ. ಮೇಷ್ಟ್ರೇ, ನಿಮ್ಮ ಮಾತು ಓದಿದ ದಿನದಿಂದ ಮಗಳು ಮಕ್ಕಳನ್ನು ಎತ್ತರಿಸಿ ಕೂರಿಸುವ ಬೂಸ್ಟರ್ ಸೀಟಿನಲ್ಲಿ, ಬೆಲ್ಟ್ ಹಾಕಿಕೊಂಡೇ. ಈ ಭಾನುವಾರ ನಮ್ಮವರು ಸ್ಕೂಟರಿನಲ್ಲಿ ಹಿಂದೆ ಬಂದರು.

ತುಮಕೂರು ರಸ್ತೆಯವರು ಹೇಳಿದ ಲೆಕ್ಕ ಮಾಡಿದೆ. ಫಾಸ್ಟ್ಯಾಗ್ ಮೆಸೇಜು, ಫೋನಿನ ಫೋಟೊ, ಅಮ್ಮನ ಕ್ಯಾಲೆಂಡರ್ ಎಲ್ಲ ಸೇರಿಸಿ ಕೂತೆ. ಒಂದು ವರ್ಷದಲ್ಲಿ ಊರಿಗೆ ಹೋಗಿ ಬಂದಿದ್ದು ಎಂಟು ದಿನ. ನಾನೂ ಅಷ್ಟೇ ಅಂದುಕೊಂಡಿದ್ದೆ. ಆದರೆ ಬೆಂಗಳೂರಿನೊಳಗಿನ ಓಡಾಟ ಲೆಕ್ಕಕ್ಕೇ ಬಂದಿರಲಿಲ್ಲ. ಮದುವೆ, ಗೃಹಪ್ರವೇಶ, ಅತ್ತೆ ಮನೆ, ಮಲ್ಲೇಶ್ವರಕ್ಕೆ ದೊಡ್ಡಮ್ಮನನ್ನು ನೋಡಲು ಹೋಗುವುದು, ಎಲ್ಲ ಸೇರಿ 41 ದಿನ. ಒಟ್ಟು 49. ಇದಕ್ಕೆಲ್ಲ ಬಾಡಿಗೆ ಗಾಡಿ ಕರೆಯಲು ಆಗುವುದಿಲ್ಲ, ಅಲ್ವಾ? ಇನ್ನೊಂದು ಗೊತ್ತಾಯಿತು. ಮೂರು ಕಡೆ ಅಪ್ಪ "ನೀವು ಹೋಗಿ ಬನ್ನಿ, ನಾನು ಮನೆಯಲ್ಲೇ ಇರ್ತೇನೆ" ಅಂದು ಉಳಿದಿದ್ದರು. ಕಾಲು ನೋವು ಅಂತ ಸುಮ್ನೆ ಹೇಳಿದ್ದರು. ಜಾಗ ಇಲ್ಲ ಅನ್ನುವುದು ನಿಜವಾದ ಕಾರಣ ಅಂತ ಅಮ್ಮ ಈಗ ಹೇಳಿದರು.

ಶನಿವಾರ ಅಪ್ಪನನ್ನು ಕರೆದುಕೊಂಡು ಹೋದೆ. ಅವರು ಬಾಗಿಲಿಗೆ ಬೆನ್ನು ಮಾಡಿ ಮೊದಲು ಕೂರುತ್ತಾರೆ, ಬಲಗಾಲು ಒಳಗಿಡುತ್ತಾರೆ, ಆಮೇಲೆ ಎಡ ತೊಡೆಯ ಕೆಳಗೆ ಎರಡೂ ಕೈ ಹಾಕಿ ಕಾಲನ್ನು ಎತ್ತಿ ಒಳಗೆ ತರುತ್ತಾರೆ. ಎರ್ಟಿಗಾದ ಮಧ್ಯದ ಸಾಲಿನಲ್ಲಿ ಆ ಎಡಗಾಲು ಪ್ರತಿ ಸಲವೂ ಬಾಗಿಲ ಕಂಬಕ್ಕೆ ತಾಗಿತು. ಹೈಕ್ರಾಸ್‌ನಲ್ಲಿ ಮೂರನೇ ಸಲವೂ ಸಲೀಸಾಗಿ ಹೋಯಿತು, ಕೂತ ಮೇಲೆ ಮುಂದಿನ ಸೀಟಿಗೂ ಮಂಡಿಗೂ ನಡುವೆ ಒಂದು ಗೇಣು ಜಾಗ ಉಳಿದಿತ್ತು. ಅಪ್ಪ ಏನೂ ಹೇಳಲಿಲ್ಲ, ಇಳಿಯುವುದಕ್ಕೆ ಮಾತ್ರ ಅವಸರ ಮಾಡಲಿಲ್ಲ.

ಆದರೆ ಹೊಸದರ ಆನ್‌ರೋಡ್ ಬೆಲೆ 30 ಲಕ್ಷ ದಾಟುತ್ತದೆ. ನಮ್ಮ ಕೈಗೆ ಎಟುಕುವುದಿಲ್ಲ.

ಹಳೇ ಗಾಡಿ ವ್ಯಾಪಾರಿ:

ಮೇಡಂ, ಹಾಗಾದರೆ ಸೆಕೆಂಡ್ ಹ್ಯಾಂಡ್ ನೋಡಿ. ಹದಿನಾಲ್ಕು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ, ನಿಮಗೆ ಮಾರುವುದಕ್ಕೆ ಬರೆಯುತ್ತಿಲ್ಲ.

ಕೆಎ ನಂಬರಿನ ಗಾಡಿ ತೆಗೆದುಕೊಂಡರೆ ಆ ಐದೂವರೆ ಲಕ್ಷದ ಜೀವಾವಧಿ ತೆರಿಗೆಯನ್ನು ಮೊದಲಿನವರು ಕಟ್ಟಿಬಿಟ್ಟಿರುತ್ತಾರೆ. ನೀವು ಕಟ್ಟುವುದು ಹೆಸರು ಬದಲಾವಣೆಯ ಶುಲ್ಕ ಮಾತ್ರ. ಬೇರೆ ರಾಜ್ಯದ ಗಾಡಿ ಅಗ್ಗ ಅಂತ ಹೋಗಬೇಡಿ, ಇಲ್ಲಿ ಮತ್ತೆ ತೆರಿಗೆ ಕಟ್ಟಬೇಕು. ಹೈಕ್ರಾಸ್‌ಗೆ ಮರುಮಾರಾಟದ ಬೆಲೆ ಚೆನ್ನಾಗಿದೆ, ತುಂಬಾ ಇಳಿದಿರುವುದಿಲ್ಲ, ಆದರೂ 2023ರದ್ದು ನಿಮ್ಮ ಲೆಕ್ಕಕ್ಕೆ ಬರಬಹುದು.

ಮೊದಲ ಕೆಲಸ, ಕಂಪನಿ ಸರ್ವೀಸ್ ಸೆಂಟರಿನಲ್ಲಿ ಹೈಬ್ರಿಡ್ ಬ್ಯಾಟರಿ ಚೆಕ್ ಮಾಡಿಸಿ, ವರದಿಯನ್ನು ಪೇಪರಿನಲ್ಲಿ ತೆಗೆದುಕೊಳ್ಳಿ. ಉಳಿದ ವಾರಂಟಿ ಎರಡನೇ ಮಾಲೀಕರಿಗೆ ಸಿಗುತ್ತದೆಯೇ ಎಂದು ಅಲ್ಲೇ ಬರೆಸಿಕೊಳ್ಳಿ. ಬೀದಿ ಬದಿಯ ಮೆಕ್ಯಾನಿಕ್ ಕೈಗೆ ಕೊಡಬೇಡಿ, ಕಿತ್ತಳೆ ಬಣ್ಣದ ವೈರುಗಳಲ್ಲಿ ಹೈ ವೋಲ್ಟೇಜ್ ಇರುತ್ತದೆ. ಆಮೇಲೆ ನೀರು. ಬೆಂಗಳೂರಿನಲ್ಲಿ ಮಳೆಗೆ ಬೇಸ್‌ಮೆಂಟಿನಲ್ಲಿ ಮುಳುಗಿದ ಗಾಡಿಗಳು ತೊಳೆದು ಪಾಲಿಶ್ ಆಗಿ ಮಾರಾಟಕ್ಕೆ ಬರುತ್ತವೆ. ಸೀಟ್ ಬೆಲ್ಟನ್ನು ಕೊನೆಯ ತನಕ ಎಳೆದು ನೋಡಿ, ಒಳಗಿನ ಭಾಗದಲ್ಲಿ ಕೆಸರಿನ ಗೆರೆ ಇದ್ದರೆ ಅಲ್ಲಿಂದ ಎದ್ದು ಬನ್ನಿ. ಹೊರಗೆ ಎಷ್ಟು ತೊಳೆದರೂ ಬೆಲ್ಟ್ ಪೂರ್ತಿ ಬಿಚ್ಚಿ ಯಾರೂ ತೊಳೆಯುವುದಿಲ್ಲ.

ನಿಮ್ಮ ಗಾಡಿ ಮಾರುವಾಗ ವಿಮೆಯ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಸಿಗುವ ರಿಯಾಯಿತಿ) ಪತ್ರ ತೆಗೆದುಕೊಳ್ಳುವುದನ್ನು ಮರೆಯಬೇಡಿ. ಅದು ನಿಮ್ಮ ಹೆಸರಿಗೆ ಸೇರಿದ್ದು, ಮುಂದಿನ ಕಾರಿಗೆ ಬಳಸಬಹುದು. ಬ್ಯಾಂಕ್ ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದೆಯಾ ನೋಡಿಕೊಳ್ಳಿ.

ಹೈಕ್ರಾಸ್ ಮಾಲೀಕ:

ಇವರು ಹೇಳಿದ್ದು ಸರಿ. ಒಂದು ಸೇರಿಸುತ್ತೇನೆ. ಏಳು ಸೀಟಿನದರಲ್ಲಿ ಮಧ್ಯದಲ್ಲಿ ಎರಡು ಬಿಡಿ ಸೀಟು, ಮಕ್ಕಳು ಅವುಗಳ ನಡುವೆಯೇ ಹಿಂದಕ್ಕೆ ನುಸುಳಬಹುದು, ಅಪ್ಪ ಏಳಬೇಕಾಗಿಲ್ಲ. ಎಂಟು ಸೀಟಿನದರಲ್ಲಿ ಅಪ್ಪ, ಅಮ್ಮ, ಮಗಳು ಮಧ್ಯದ ಸಾಲಿನಲ್ಲಿ ಕೂತರೆ ಹಿಂದೆ ಮಗ ಒಬ್ಬನೇ, ಆ ಸಾಲಿನ ಉಳಿದ ಭಾಗ ಮಡಚಿ ಸಾಮಾನು ಇಡಬಹುದು. ಊರಿಗೆ ಹೋಗಿ ಬರುವವರಿಗೆ ಎಂಟರದ್ದೇ ಅನುಕೂಲ ಅಂತ ನನ್ನ ಅನಿಸಿಕೆ.

ಸಾಗರದ ಮಗಳು:

ತುಮಕೂರಿನಲ್ಲಿ ಒಂದು ಸಿಕ್ಕಿದೆ. 2023ರದ್ದು, ಎಂಟು ಸೀಟು, ಕೆಎ ನಂಬರ್, 41 ಸಾವಿರ ಓಡಿದೆ, ಒಬ್ಬರೇ ಮಾಲೀಕರು. 24.5 ಲಕ್ಷ ಹೇಳಿದರು, 24ಕ್ಕೆ ಒಪ್ಪಿದ್ದಾರೆ. ಎಂಟೂ ಬೆಲ್ಟ್ ಎಳೆದು ನೋಡಿದೆ, ಶುಭ್ರವಾಗಿವೆ. ಮಗ ಹಿಂದೆ ಕೂತ, ಪಕ್ಕದ ಸೀಟು ಮಡಚಿ ವಾಕರ್ ಮಲಗಿಸಿದೆವು, ಅದರ ಹಿಂದೆ ಎರಡು ದೊಡ್ಡ ಬ್ಯಾಗಿಗೂ ಜಾಗ ಇತ್ತು. ಬ್ಯಾಟರಿ ವರದಿ ಗುರುವಾರ ಬರುತ್ತದೆ. ಅದು ಸರಿ ಇದ್ದರೆ ಮಾತ್ರ ಅಂತ ಬರೆಸಿಕೊಂಡು 25 ಸಾವಿರ ಮುಂಗಡ ಕೊಟ್ಟಿದ್ದೇನೆ.

ನಮ್ಮ ವಿಟಾರಾವನ್ನು ನಮ್ಮವರ ಆಫೀಸಿನ ಒಬ್ಬರು ಕೇಳಿದ್ದಾರೆ, ಮನೆಯಲ್ಲಿ ಮೂರೇ ಜನ ಇರುವವರು. ಸರ್ವೀಸ್ ಬಿಲ್ಲುಗಳನ್ನೆಲ್ಲ ಒಂದು ಫೈಲಿಗೆ ಹಾಕಿ ಇಟ್ಟಿದ್ದೇನೆ. ಕೊಡುವಾಗ ಮನಸ್ಸಿಗೆ ಕಷ್ಟವೇ ಆಗುತ್ತದೆ.

ಶಿವಮೊಗ್ಗ ಮೇಷ್ಟ್ರು:

ಸಂತೋಷ ತಾಯಿ. ಬೂಸ್ಟರ್ ಸೀಟನ್ನು ಹಳೇ ಕಾರಿನಲ್ಲಿ ಬಿಟ್ಟು ಕೊಟ್ಟುಬಿಡಬೇಡಿ.