ಪದಚರ್ಚೆ: ಜಾಲತಾಣದ ‘ಸ್ಕ್ರಿಪ್ಟಿಂಗ್ ಭಾಷೆ’ಯನ್ನು ‘ಲಿಪಿಭಾಷೆ’ ಎನ್ನಬಹುದೇ? ಅದನ್ನು ಪತ್ತೆ ಹಚ್ಚುವುದು ‘ಕುರುಹಿ’ನಿಂದಲೋ ‘ಸುಳಿವಿ’ನಿಂದಲೋ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರಗಳು.

ಒಂದು ಜಾಲತಾಣವನ್ನು ಯಾವ ಸ್ಕ್ರಿಪ್ಟಿಂಗ್ ಭಾಷೆಯಲ್ಲಿ ರಚಿಸಿದ್ದಾರೆ ಎಂಬುದನ್ನು ಹೊರಗಿನಿಂದಲೇ ಕಂಡುಕೊಳ್ಳುವ ಬಗೆಯನ್ನು ಕುರಿತು ಪದವಿ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಒಂದು ಪಾಠವನ್ನು ಸಿದ್ಧಪಡಿಸುತ್ತಿದ್ದೇನೆ. ಎರಡು ಕಡೆ ಪದದ ಆಯ್ಕೆ ಇತ್ಯರ್ಥವಾಗದೆ ಉಳಿದಿರುವುದರಿಂದ ತಮ್ಮೆಲ್ಲರ ಅಭಿಪ್ರಾಯವನ್ನು ಕೋರುತ್ತಿದ್ದೇನೆ.

ಮೊದಲನೆಯದು, ‘ಸ್ಕ್ರಿಪ್ಟಿಂಗ್ ಭಾಷೆ’. ಕರಡನ್ನು ಓದಿದ ಸಹೋದ್ಯೋಗಿಯೊಬ್ಬರು ಇದನ್ನು ‘ಲಿಪಿಭಾಷೆ’ ಎಂದು ಬದಲಿಸುವಂತೆ ಸೂಚಿಸಿದ್ದಾರೆ. ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ಕನ್ನಡದಲ್ಲಿ ಲಿಪಿ ಎಂದರೆ ಬರವಣಿಗೆಯ ಅಕ್ಷರವ್ಯವಸ್ಥೆ. ತುಳು, ಕೊಡವ, ಕೊಂಕಣಿಗಳನ್ನು ಕನ್ನಡ ಲಿಪಿಯಲ್ಲಿ ಬರೆಯುವ ನಾಡಿನಲ್ಲಿ ಲಿಪಿಯೇ ಬೇರೆ, ಭಾಷೆಯೇ ಬೇರೆ ಎಂಬ ವಿವೇಕವನ್ನು ನಾವು ಎಚ್ಚರದಿಂದ ಕಾಪಾಡಿಕೊಂಡು ಬಂದಿದ್ದೇವೆ. ಯೂನಿಕೋಡ್ ಕುರಿತು ಬರೆಯುವಾಗಲೂ ‘ಕನ್ನಡ ಲಿಪಿ’ ಎಂಬುದನ್ನು ಇದೇ ಅರ್ಥದಲ್ಲಿ ಬಳಸುತ್ತೇವೆ. ಹೀಗಿರುವಾಗ ‘ಲಿಪಿಭಾಷೆ’ ಎಂಬ ಸಮಾಸವು ಗಣಕದ ಪಾಠದೊಳಗೇ ಗೊಂದಲವನ್ನು ತಂದಿಡುತ್ತದೆ. ಗಣಕಕ್ಕೆ ಸಂಬಂಧಿಸಿದ ಸ್ಕ್ರಿಪ್ಟ್ ಎಂದರೆ, ಬರೆದಿಟ್ಟ ಆದೇಶಗಳನ್ನು ಇನ್ನೊಂದು ತಂತ್ರಾಂಶವು ಓದಿಕೊಂಡು ನಡೆಸುವಂಥದ್ದು. ಇದು ರಂಗಭೂಮಿಯವರೂ ಧಾರಾವಾಹಿಯವರೂ ‘ಸ್ಕ್ರಿಪ್ಟ್ ಕೈಗೆ ಬಂತು’ ಎನ್ನುವಾಗಿನ ಅರ್ಥಕ್ಕೆ ಹತ್ತಿರವಾದದ್ದು. ಆ ಅರ್ಥದಲ್ಲಿ ‘ಸ್ಕ್ರಿಪ್ಟ್’ ಈಗಾಗಲೇ ಕನ್ನಡದ ಮಾತಾಗಿರುವುದರಿಂದ ‘ಸ್ಕ್ರಿಪ್ಟ್ ಭಾಷೆ’ ಎಂದೇ ಉಳಿಸಿಕೊಳ್ಳುವುದು ಲೇಸೆಂದು ನನ್ನ ಅನಿಸಿಕೆ.

ಇದಕ್ಕೆ ಹೊಂದಿಕೊಂಡ ಇನ್ನೊಂದು ತೊಡಕೂ ಇದೆ. ‘ಈ ಜಾಲತಾಣ ಯಾವ ಭಾಷೆಯಲ್ಲಿದೆ?’ ಎಂದು ಕೇಳಿದರೆ ಯಾವ ಓದುಗರಾದರೂ ‘ಕನ್ನಡದಲ್ಲಿದೆ’ ಎಂದೇ ಉತ್ತರಿಸುತ್ತಾರೆ, ಆ ಉತ್ತರ ತಪ್ಪೂ ಅಲ್ಲ. ಕನ್ನಡ ವಿಕಿಪೀಡಿಯದ ಯಾವುದೇ ಪುಟದ ಆಕರವನ್ನು (ಪುಟದ ಹಿಂದಿರುವ ಸಂಕೇತಪಠ್ಯವನ್ನು) ಬ್ರೌಸರಿನಲ್ಲಿ ತೆರೆದು ನೋಡಿದರೆ ಆರಂಭದಲ್ಲೇ ‘ಲ್ಯಾಂಗ್’ ಎಂಬ ಗುಣವಿಶೇಷದ ಮುಂದೆ ‘ಕೆಎನ್’ ಎಂದಿರುತ್ತದೆ. ಅದು ಓದುವ ಭಾಷೆಯ ಸೂಚನೆ. ನಡೆಸುವ ಭಾಷೆಯನ್ನು ಅಷ್ಟು ನೇರವಾಗಿ ಹೇಳುವ ಸಾಲು ಅಲ್ಲಿಲ್ಲ. ಲೇಖನದ ವಿಳಾಸವೂ ಅದನ್ನು ತೋರಿಸುವುದಿಲ್ಲ. ಅದೇ ಪುಟದ ಇತಿಹಾಸದ ಕೊಂಡಿಯನ್ನು ಒತ್ತಿದೊಡನೆ ವಿಳಾಸಪಟ್ಟಿಯಲ್ಲಿ ‘ಇಂಡೆಕ್ಸ್.ಪಿಎಚ್‌ಪಿ’ ಎಂಬ ಕಡತದ ಹೆಸರು ಕಾಣಿಸುತ್ತದೆ, ಏಕೆಂದರೆ ವಿಕಿಪೀಡಿಯವನ್ನು ನಡೆಸುವ ಮೀಡಿಯಾವಿಕಿ ತಂತ್ರಾಂಶವನ್ನು ಬರೆದಿರುವುದು ಪಿಎಚ್‌ಪಿ ಎಂಬ ಸ್ಕ್ರಿಪ್ಟ್ ಭಾಷೆಯಲ್ಲಿ. ಅಷ್ಟಕ್ಕೇ ಮುಗಿಯಲಿಲ್ಲ: 2013ರಿಂದೀಚೆಗೆ ಅಲ್ಲಿನ ಅನೇಕ ಟೆಂಪ್ಲೇಟುಗಳು (ಹಲವು ಪುಟಗಳಲ್ಲಿ ಮರಳಿ ಬಳಸುವ ಸಿದ್ಧ ಅಚ್ಚುಗಳು) ಲುವಾ ಎಂಬ ಇನ್ನೊಂದು ಸ್ಕ್ರಿಪ್ಟ್ ಭಾಷೆಯ ಮಾಡ್ಯೂಲುಗಳನ್ನು ಆಶ್ರಯಿಸಿವೆ, ಓದುಗರ ಬ್ರೌಸರಿನೊಳಗೆ ಓಡುವುದು ಜಾವಾಸ್ಕ್ರಿಪ್ಟ್. ಒಂದೇ ತಾಣದಲ್ಲಿ ಮೂರು ಸ್ಕ್ರಿಪ್ಟ್ ಭಾಷೆಗಳಿರುವಾಗ ‘ಯಾವ ಭಾಷೆ’ ಎಂಬ ಏಕವಚನವೇ ವಿದ್ಯಾರ್ಥಿಯನ್ನು ದಾರಿ ತಪ್ಪಿಸುತ್ತದೆ. ಆದ್ದರಿಂದ ‘ಸರ್ವರಿನಲ್ಲಿ (ಪುಟಗಳನ್ನು ಕಳಿಸಿಕೊಡುವ ಗಣಕದಲ್ಲಿ) ಯಾವ ಭಾಷೆ ನಡೆಯುತ್ತದೆ, ಬ್ರೌಸರಿನಲ್ಲಿ ಯಾವುದು’ ಎಂದು ಬಿಡಿಸಿ ಕೇಳಿದ್ದೇನೆ. ಎಚ್‌ಟಿಎಂಎಲ್ ಪುಟವನ್ನು ಗುರುತುಗಳಿಂದ ಅಣಿಗೊಳಿಸುವ ಭಾಷೆಯಾದುದರಿಂದ ಈ ಲೆಕ್ಕಕ್ಕೆ ಸೇರುವುದಿಲ್ಲ.

ಎರಡನೆಯ ಪ್ರಶ್ನೆ ನನ್ನನ್ನು ಹೆಚ್ಚು ಕಾಡಿದೆ. ಬ್ರೌಸರಿನೊಳಗಿನ ಜಾವಾಸ್ಕ್ರಿಪ್ಟ್ ನಮ್ಮ ಕಣ್ಣಿಗೇ ಬೀಳುತ್ತದೆ. ಸರ್ವರಿನಲ್ಲಿರುವ ಸ್ಕ್ರಿಪ್ಟ್ ಮಾತ್ರ ನಮಗೆಂದೂ ಕಾಣಿಸುವುದಿಲ್ಲ. ಅದು ಓಡಿದ ಮೇಲೆ ಹೊರಬಂದ ಪುಟವಷ್ಟೇ ನಮಗೆ ದೊರೆಯುತ್ತದೆ. ಹಾಗಾಗಿ ನಾವು ನೋಡುವುದೆಲ್ಲ ಅದರ... ಏನು? ಕುರುಹೇ, ಸುಳಿವೇ, ಗುರುತೇ? ಈ ಮೂರನ್ನೂ ಒಂದರ ಬದಲಿಗೆ ಇನ್ನೊಂದಾಗಿ ಬಳಸುವುದು ರೂಢಿಯಲ್ಲಿದ್ದರೂ ಪಾಠದಲ್ಲಿ ಅವುಗಳನ್ನು ಬೇರ್ಪಡಿಸಿದರೆ ಪ್ರಯೋಜನವಿದೆ ಎಂದು ನನಗೆ ತೋರುತ್ತದೆ.

ಪಿಎಚ್‌ಪಿ ತಾನಾಗಿ ಇಡುವ ಸೆಷನ್ ಕುಕಿಗೆ (ಬಳಕೆದಾರರನ್ನು ಪುಟದಿಂದ ಪುಟಕ್ಕೆ ಗುರುತಿಸಲು ಬ್ರೌಸರಿನಲ್ಲಿ ಉಳಿಸುವ ಚಿಕ್ಕ ದಾಖಲೆಗೆ) ‘ಪಿಎಚ್‌ಪಿಸೆಸ್‌ಐಡಿ’ ಎಂಬ ಸಿದ್ಧ ಹೆಸರಿದೆ; ಜಾವಾ ಸರ್ವರುಗಳದು ‘ಜೆಸೆಷನ್‌ಐಡಿ’. ತಾಣದವರು ಬೇಕೆಂದೇ ಬದಲಿಸದಿದ್ದರೆ ಪ್ರತಿ ಬಾರಿಯೂ ಅದೇ ಹೆಸರು ಬರುವುದರಿಂದ ಇದನ್ನು ‘ಕುರುಹು’ ಎಂದಿದ್ದೇನೆ. ಯಾವುದೋ ದೋಷಸಂದೇಶದಲ್ಲಿ ಕಡತದ ಹಾದಿ ಅಕಸ್ಮಾತ್ತಾಗಿ ಹೊರಬಿದ್ದರೆ ಅದು ‘ಸುಳಿವು’, ‘ಕಳ್ಳನ ಸುಳಿವು ಸಿಕ್ಕಿತು’ ಎನ್ನುವಂತೆ. ಆದರೆ ಸರ್ವರು ತನ್ನ ಉತ್ತರದ ಹೆಡರಿನಲ್ಲಿ (ಪುಟಕ್ಕೆ ಮೊದಲು ಬರುವ ವಿವರಗಳ ಸಾಲುಗಳಲ್ಲಿ) ‘ಎಕ್ಸ್-ಪವರ್ಡ್-ಬೈ’ ಎಂದು ಬರೆದು ಅದರ ಮುಂದೆ ಪಿಎಚ್‌ಪಿಯ ಹೆಸರನ್ನೂ ಆವೃತ್ತಿಯನ್ನೂ ನಮೂದಿಸಿದರೆ ಅದು ಕುರುಹೂ ಅಲ್ಲ, ಸುಳಿವೂ ಅಲ್ಲ. ಅದು ತಾಣ ತನ್ನ ಬಗ್ಗೆ ತಾನೇ ಕೊಟ್ಟ ‘ಹೇಳಿಕೆ’. ಪಿಎಚ್‌ಪಿಯ ಸಂಯೋಜನಾ ಕಡತದಲ್ಲಿ ‘ಎಕ್ಸ್‌ಪೋಸ್-ಪಿಎಚ್‌ಪಿ’ ಎಂಬ ಒಂದು ಸಾಲನ್ನು ‘ಆಫ್’ ಮಾಡಿದರೆ ಆ ಹೇಳಿಕೆ ನಿಂತುಹೋಗುತ್ತದೆ, ಮನಸ್ಸು ಮಾಡಿದರೆ ಅಲ್ಲಿ ಸುಳ್ಳನ್ನೂ ಬರೆಯಬಹುದು. ಹೇಳಿಕೆಯನ್ನು ಕುರುಹಿನಷ್ಟೇ ನಂಬಬಾರದೆಂಬುದನ್ನು ಪದವೇ ವಿದ್ಯಾರ್ಥಿಗೆ ನೆನಪಿಸಿದರೆ ಬೇರೆ ಎಚ್ಚರಿಕೆಯ ಟಿಪ್ಪಣಿ ಬೇಕಾಗುವುದಿಲ್ಲ.

ಕುರುಹಿನಿಂದ ಭಾಷೆಗೆ ಹೋಗುವ ಹೆಜ್ಜೆಯನ್ನು ಏನೆಂದು ಕರೆಯಬೇಕು ಎಂಬುದು ಉಳಿದ ಸಂದೇಹ. ವಿಳಾಸದ ಕೊನೆಯಲ್ಲಿ ‘ಎಎಸ್‌ಪಿಎಕ್ಸ್’ ಎಂದಿದ್ದರೆ ಮೈಕ್ರೋಸಾಫ್ಟಿನ ಎಎಸ್‌ಪಿ ಡಾಟ್‌ನೆಟ್ ಚೌಕಟ್ಟು (ತಾಣ ಕಟ್ಟಲು ನೆರವಾಗುವ ಸಿದ್ಧ ತಂತ್ರಾಂಶ) ಬಳಕೆಯಾಗಿದೆ ಎನ್ನಬಹುದು. ಬರೆದದ್ದು ಸಿ ಶಾರ್ಪಿನಲ್ಲೋ ವಿಶುವಲ್ ಬೇಸಿಕ್ಕಿನಲ್ಲೋ ಎಂಬುದು ಅದರಿಂದ ತಿಳಿಯುವುದಿಲ್ಲ. ಹೆಡರಿನಲ್ಲಿ ‘ಎಕ್ಸ್‌ಪ್ರೆಸ್’ ಎಂದಿದ್ದರೆ, ಆ ಚೌಕಟ್ಟು ಸರ್ವರಿನಲ್ಲಿ ಜಾವಾಸ್ಕ್ರಿಪ್ಟನ್ನು ಓಡಿಸುವ ನೋಡ್ ಜೆಎಸ್‌ಗಾಗಿ ರಚಿತವಾದದ್ದಾದ್ದರಿಂದ, ಸರ್ವರಿನಲ್ಲೂ ಜಾವಾಸ್ಕ್ರಿಪ್ಟ್ ಇದೆ ಎಂಬ ತೀರ್ಮಾನಕ್ಕೆ ಬರಬಹುದು. ತರ್ಕಶಾಸ್ತ್ರದ ಪ್ರಕಾರ ಇದಕ್ಕೆ ಸರಿಯಾದ ಪದ ‘ಅನುಮಾನ’: ಹೊಗೆಯನ್ನು ಕಂಡು ಬೆಂಕಿಯನ್ನು ಅರಿಯುವುದು. ಆದರೆ ಇಂದಿನ ಕನ್ನಡದಲ್ಲಿ ಅನುಮಾನವೆಂದರೆ ಸಂಶಯ. ‘ಕುಕಿಯಿಂದ ಪಿಎಚ್‌ಪಿಯನ್ನು ಅನುಮಾನಿಸಬಹುದು’ ಎಂದು ಬರೆದರೆ ಪಿಎಚ್‌ಪಿಯ ಮೇಲೆಯೇ ಗುಮಾನಿ ಬಂದಂತಾಗುತ್ತದೆ. ‘ಊಹೆ’ ಎಂದರೆ ಆಧಾರವಿಲ್ಲದ್ದು ಎಂಬ ಧ್ವನಿ ಬರುತ್ತದೆ. ವ್ಯಾಪಲೈಸರ್, ಬಿಲ್ಟ್‌ವಿತ್ ಮುಂತಾದ ಸಲಕರಣೆಗಳು ಇಂಥ ಅನೇಕ ಕುರುಹುಗಳನ್ನು ಒಟ್ಟಿಗೆ ಹೋಲಿಸಿ ನೋಡಿ ಫಲಿತಾಂಶ ಕೊಡುತ್ತವೆಯಾದ್ದರಿಂದ ಅವುಗಳ ಕೆಲಸವನ್ನು ಬರಿಯ ಊಹೆ ಎನ್ನುವುದು ಅನ್ಯಾಯ. ‘ಪತ್ತೆ ಹಚ್ಚುವುದು’ ಎಂದರೆ ಇಲ್ಲದ ಖಚಿತತೆಯನ್ನು ಆರೋಪಿಸಿದಂತೆ. ಸದ್ಯಕ್ಕೆ ‘ಕುರುಹಿನಿಂದ ತರ್ಕಿಸುವುದು’ ಎಂದು ಬರೆದಿಟ್ಟಿದ್ದೇನೆ, ಆದರೂ ‘ತರ್ಕಿಸು’ ಎಂಬುದರಲ್ಲಿ ವಾದ ಮಾಡುವ ಅರ್ಥ ಇಣುಕುತ್ತದೆ.

ಸರ್ವರುಗಳ ನಿರ್ವಹಣೆಯಲ್ಲಿರುವ ಸದಸ್ಯರು ಕನ್ನಡದಲ್ಲಿ ಮಾತನಾಡುವಾಗ ಈ ಕೆಲಸಕ್ಕೆ ಯಾವ ಕ್ರಿಯಾಪದವನ್ನು ಬಳಸುತ್ತಾರೆ ಎಂಬುದನ್ನೂ, ‘ಅನುಮಾನ’ಕ್ಕೆ ಅದರ ಶಾಸ್ತ್ರೀಯ ಅರ್ಥವನ್ನು ಒಂದು ಅಡಿಟಿಪ್ಪಣಿಯ ಬಲದಿಂದ ಮರಳಿ ಕೊಡಬಹುದೇ ಎಂಬುದನ್ನು ತರ್ಕಶಾಸ್ತ್ರ ಬಲ್ಲವರೂ ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.