ಬಸುರಿ, ಬಾಣಂತಿಗೆ ಮೂಗು ಕಟ್ಟಿದರೆ ನೆಗಡಿ ಮಾತ್ರೆ ತಗೋಬಹುದಾ?

ಪ್ರಶ್ನೆ: ಮೇಡಂ, ನನಗೀಗ ಎರಡೂವರೆ ತಿಂಗಳು. ಮೂಗು ಪೂರ್ತಿ ಕಟ್ಟಿ ರಾತ್ರಿ ನಿದ್ದೆಯಿಲ್ಲ. ಮನೆಯಲ್ಲಿ ನೆಗಡಿ ಮಾತ್ರೆ ಇದೆ, ತಗೊಳ್ಳಲಾ?

ಉತ್ತರ (ಫಾರ್ಮಸಿಸ್ಟ್): ಬೇಡಮ್ಮ. ಸ್ಟ್ರಿಪ್ ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿ. ಸಾಮಾನ್ಯವಾಗಿ ಪ್ಯಾರಾಸಿಟಮಾಲ್ 500 ಮಿ.ಗ್ರಾಂ, ಫಿನೈಲೆಫ್ರಿನ್ 10, ಕ್ಲೋರ್‌ಫೆನಿರಮೈನ್ 2 ಎಂದಿರುತ್ತದೆ. ಇದರ ಜೊತೆ ಜ್ವರಕ್ಕೆಂದು 650ರ ಮಾತ್ರೆಯನ್ನೂ ನುಂಗಿದರೆ ಪ್ಯಾರಾಸಿಟಮಾಲ್ ಎರಡೆರಡು ಸಲ ಹೋಗುತ್ತದೆ, ಅದು ಗೊತ್ತೇ ಆಗುವುದಿಲ್ಲ.

ಮೂಗು ಬಿಡಿಸಲು ಹಾಕಿರುವುದು ಫಿನೈಲೆಫ್ರಿನ್. ಅದು ರಕ್ತನಾಳ ಬಿಗಿಯುವ ಔಷಧ, ಬಿ.ಪಿ. ಏರಿಸಬಹುದು. ನುಂಗಿದ್ದರಲ್ಲಿ ಬಹುಪಾಲು ಕರುಳು, ಲಿವರ್‌ನಲ್ಲೇ ಒಡೆದುಹೋಗುತ್ತದೆ. ಮಾತ್ರೆಯಿಂದ ಮೂಗಿಗೆ ಉಪಯೋಗವಿಲ್ಲವೆಂದು 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎಯ ಸಲಹಾ ಸಮಿತಿಯೇ ಹೇಳಿದೆ. ಕೆಲವು ನೆಗಡಿ ಮಾತ್ರೆಗಳಲ್ಲಿ ಮೂಗು ಬಿಡಿಸಲು ಇರುವ ಇನ್ನೊಂದು ಔಷಧ ಸ್ಯೂಡೋಎಫೆಡ್ರಿನ್, ಅದು ಕೆಲಸವೇನೋ ಮಾಡುತ್ತದೆ. ಆದರೆ ಮೊದಲ ಮೂರು ತಿಂಗಳಲ್ಲಿ ತಗೊಂಡವರ ಮಕ್ಕಳಲ್ಲಿ ಹೊಟ್ಟೆಯ ಗೋಡೆ ಕೂಡದೆ ಕರುಳು ಹೊರಗುಳಿಯುವ ದೋಷ ತುಸು ಹೆಚ್ಚೆಂದು ಕೆಲವು ಅಧ್ಯಯನಗಳಲ್ಲಿ ಕಂಡಿದೆ. ಅಪರೂಪದ ದೋಷ, ನಿಜ. ಆದರೂ ನೆಗಡಿಗಾಗಿ ಆ ಅಪಾಯ ಯಾಕೆ?

ಕುದಿಸಿ ಆರಿಸಿದ ಕಾಲು ಲೀಟರ್ ನೀರಿಗೆ ಅರ್ಧ ಟೀ ಚಮಚ ಉಪ್ಪು ಕರಗಿಸಿ, ಸಿಂಕಿನ ಮೇಲೆ ಬಾಗಿ ಒಂದೊಂದೇ ಹೊಳ್ಳೆ ತೊಳೆಯಿರಿ. ನಲ್ಲಿ ನೀರನ್ನು ಹಾಗೇ ಬಳಸಬೇಡಿ. ಅದು ಕಷ್ಟವಾದರೆ ಮೆಡಿಕಲ್‌ನಲ್ಲಿ ಸಲೈನ್ ಡ್ರಾಪ್ಸ್ ಸಿಗುತ್ತದೆ, ಎಷ್ಟು ಸಲ ಬೇಕಾದರೂ ಹಾಕಬಹುದು. ಮಲಗುವಾಗ ತಲೆಗೆ ಎರಡು ದಿಂಬು.

ಪ್ರಶ್ನೆ: ಮೂಗಿಗೆ ಬಿಡುವ ಆಕ್ಸಿಮೆಟಾಜೋಲಿನ್?

ಉತ್ತರ: ರಕ್ತಕ್ಕೆ ಸೇರುವುದು ಕಡಿಮೆ, ಆದರೂ ನಿಮ್ಮ ಡಾಕ್ಟರನ್ನು ಕೇಳಿಯೇ ಹಾಕಿ. ಅವರು ಹೂಂ ಅಂದರೂ ಮೂರು ದಿನ ಮೀರಬಾರದು. ಮೀರಿದರೆ ಔಷಧದ ಪ್ರಭಾವ ಇಳಿದ ಕೂಡಲೇ ಮೂಗಿನ ಒಳಪದರ ಮೊದಲಿಗಿಂತ ಜಾಸ್ತಿ ಊದುತ್ತದೆ, ಮತ್ತೆ ಡ್ರಾಪ್ಸ್ ಬೇಕೆನಿಸುತ್ತದೆ. ಬಿ.ಪಿ. ಇದ್ದರೆ ಇದೂ ಬೇಡ.

ಪ್ರಶ್ನೆ: ನಾನು ಬಾಣಂತಿ, ಮಗುವಿಗೆ ಮೂರು ತಿಂಗಳು. ನಿನ್ನೆ ಸ್ಯೂಡೋಎಫೆಡ್ರಿನ್ 60 ಇರುವ ಮಾತ್ರೆ ತಗೊಂಡೆ. ಇವತ್ತು ಹಾಲು ಕಡಿಮೆ ಅನಿಸ್ತಿದೆ.

ಉತ್ತರ: ಬರೀ ಅನಿಸಿಕೆಯಲ್ಲ, ಹಾಗಾಗಬಹುದು. ಎಂಟು ತಾಯಂದಿರ ಮೇಲೆ ನಡೆದ ಅಧ್ಯಯನದಲ್ಲಿ 60 ಮಿ.ಗ್ರಾಂನ ಒಂದೇ ಡೋಸ್‌ಗೆ ದಿನದ ಹಾಲು ಸರಾಸರಿ ಶೇ. 24 ಇಳಿದಿತ್ತು. ಹಾಲಿನ ಮೂಲಕ ಮಗುವಿಗೆ ಸೇರುವ ಔಷಧ ಸ್ವಲ್ಪವೇ, ಕೆಲವು ಮಕ್ಕಳು ರಚ್ಚೆ ಹಿಡಿಯುತ್ತವೆ ಅಷ್ಟೆ. ಇನ್ನೊಂದು ಮಾತ್ರೆ ಬೇಡ, ಸಲೈನ್ ಸಾಕು. ಮಗುವನ್ನು ಮಾತ್ರ ಮೊದಲಿಗಿಂತ ಹೆಚ್ಚು ಸಲ ಎದೆಗೆ ಹಾಕಿಕೊಳ್ಳಿ. ಮಗು ಒದ್ದೆ ಮಾಡುವ ಬಟ್ಟೆ ಎಣಿಸಿ. ದಿನಕ್ಕೆ ಆರಕ್ಕಿಂತ ಕಡಿಮೆಯಾದರೆ ಮಕ್ಕಳ ಡಾಕ್ಟರಿಗೆ ತೋರಿಸಿ.