ತೇವಾಂಶದ ಸೆನ್ಸರ್ ಒದ್ದೆ ಮಣ್ಣಿನಲ್ಲೂ ‘ಒಣ’ ಎನ್ನುತ್ತಿದೆ. ತಪ್ಪು ಎಲ್ಲಿ?

ಕಾಲುವೆಬದಿ:
ಅರ್ಧ ಎಕರೆಗೂ ಚಿಕ್ಕದಾದ 12 ತರಕಾರಿ ತಾಕುಗಳಲ್ಲಿ ಹನಿ ನೀರು ಯಾವಾಗ ಬಿಡಬೇಕೆಂದು ರೈತರ ಫೋನಿಗೆ ತಿಳಿಸುವ ವ್ಯವಸ್ಥೆ ಕೂರಿಸುತ್ತಿದ್ದೇವೆ. ಕಪ್ಪು ಸರ್ಕ್ಯೂಟ್ ಹಲಗೆಯ ಕೆಪಾಸಿಟಿವ್ ಸೆನ್ಸರ್ (ವಿ1.2; ಸುತ್ತಲ ಮಣ್ಣಿನ ತೇವಕ್ಕೆ ತಕ್ಕಂತೆ ಬದಲಾಗುವ ಕೆಪಾಸಿಟೆನ್ಸ್ ಅಳೆಯುವಂಥದ್ದು), ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್ಪಿನ ಇಎಸ್‌ಪಿ32 ಡೆವಲಪ್‌ಮೆಂಟ್ ಬೋರ್ಡ್, 2500 ಎಂಎಎಚ್‌ನ ಒಂದು 18650 ಬ್ಯಾಟರಿ, ಇಷ್ಟೇ ಸಾಮಾನು. ಅಕ್ಕಪಕ್ಕ ನೆಟ್ಟ ಎರಡು ಸೆನ್ಸರ್‌ಗಳ ಅಂಕಿಗಳಿಗೆ ತಾಳೆಯೇ ಇಲ್ಲ. ಕೆಲವು ನೀರು ಬಿಟ್ಟ ಮರುದಿನವೂ ಒಣ ಎನ್ನುತ್ತವೆ. ಬೋರ್ಡನ್ನು ಡೀಪ್ ಸ್ಲೀಪ್‌ಗೆ (ಅತಿ ಕಡಿಮೆ ವಿದ್ಯುತ್ತಿನ ನಿದ್ದೆಗೆ) ಹಾಕಿದರೂ ಬ್ಯಾಟರಿ ವಾರಕ್ಕೇ ಖಾಲಿ. ಮಣ್ಣು ಕೆಲವು ಕಡೆ ಮರಳು, ಕೆಲವು ಕಡೆ ಬಿರುಕು ಬಿಡುವ ಜೇಡಿ. ಎಲ್ಲಿಂದ ಸರಿಪಡಿಸುತ್ತಾ ಬರಬೇಕು?

ಬೆಸುಗೆ:
ಮೊದಲು ಸೆನ್ಸರ್ ಹಲಗೆಗಳನ್ನೇ ಪರೀಕ್ಷಿಸಿ. ಈ ಸೆನ್ಸರ್‌ನಲ್ಲಿ ತಯಾರಿಕೆಯ ದೋಷಗಳು ಬಹಳ.

ವಿದ್ಯುತ್ ತೆಗೆದು, ಔಟ್‌ಪುಟ್ ಮತ್ತು ಗ್ರೌಂಡ್ ನಡುವೆ ಮಲ್ಟಿಮೀಟರ್ ಇಡಿ. ಸುಮಾರು 1 ಮೆಗಾಓಮ್ ಬರಬೇಕು. ಏನೂ ಬಾರದಿದ್ದರೆ ಅಲ್ಲಿರುವ 1 ಮೆಗಾಓಮ್ ರೆಸಿಸ್ಟರ್ ಗ್ರೌಂಡ್‌ಗೆ ಸೇರಿಲ್ಲ ಎಂದರ್ಥ. ಅಂಥ ಹಲಗೆ ಹಳೆಯ ಅಂಕಿಯನ್ನೇ ಹಿಡಿದುಕೊಂಡು ನಿಧಾನವಾಗಿ ಇಳಿಯುತ್ತದೆ. ಒಂದು ಬೆಸುಗೆಯಿಂದ ಸರಿಹೋಗುತ್ತದೆ. ಆಮೇಲೆ ಟೈಮರ್ ಚಿಪ್ ಮೇಲಿನ ಬರಹ ಓದಿ. ಟಿಎಲ್‌ಸಿ555 ಇದ್ದರೆ ಸರಿ. ಎನ್‌ಇ555 ಇದ್ದರೆ ಅದಕ್ಕೆ ಕನಿಷ್ಠ 4.5 ವೋಲ್ಟ್ ಬೇಕು, ಹಲಗೆಯ ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿ ಇಡುವ ಭಾಗ) ಕೊಡುವ 3.3ರಲ್ಲಿ ಅದನ್ನು ನಂಬುವಂತಿಲ್ಲ, ಬದಿಗಿಡಿ. ರೆಗ್ಯುಲೇಟರೇ ಇಲ್ಲದ ಹಲಗೆಗಳೂ ಬರುತ್ತವೆ. ಅವುಗಳಲ್ಲಿ ಬ್ಯಾಟರಿ ಇಳಿದಂತೆಲ್ಲ ಅಂಕಿಯೂ ಜಾರುತ್ತದೆ.

ಹಲಗೆಯ ಕತ್ತರಿಸಿದ ಅಂಚಿಗೆ ಲೇಪನ ಇರುವುದಿಲ್ಲ, ಅಲ್ಲಿಂದ ನೀರು ಒಳಗಿಳಿಯುತ್ತದೆ. ಅಂಚಿಗೆ ಎರಡು ಸುತ್ತು ಎಪಾಕ್ಸಿ ಹಚ್ಚಿ, ಬಿಡಿಭಾಗ ಮತ್ತು ತಂತಿಯ ಕೂಡಿಕೆಗೆ ಎಪಾಕ್ಸಿ ತುಂಬಿ ಹೀಟ್‌ಶ್ರಿಂಕ್ (ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ) ಹಾಕಿ. ಲೇಪನ ಅಂಕಿಯನ್ನು ಬದಲಿಸುತ್ತದೆ. ಆದ್ದರಿಂದ ಲೇಪನ ಮೊದಲು, ಕ್ಯಾಲಿಬ್ರೇಷನ್ (ಅಂಕಿಯನ್ನು ನಿಜವಾದ ತೇವಕ್ಕೆ ಹೊಂದಿಸುವುದು) ನಂತರ.

ಬ್ಯಾಟರಿ ಲೆಕ್ಕ ಸರಳ. ಇಎಸ್‌ಪಿ32 ಚಿಪ್ ನಿದ್ದೆಯಲ್ಲಿ ಸುಮಾರು 10 ಮೈಕ್ರೋಆಂಪ್ ಮಾತ್ರ ತಿನ್ನುತ್ತದೆ. ಆದರೆ ಬೋರ್ಡಿನ ರೆಗ್ಯುಲೇಟರ್, ದೀಪ, ಯುಎಸ್‌ಬಿ ಚಿಪ್ ಸೇರಿ 10 ಮಿಲಿಆಂಪ್ ಆಗುವುದುಂಟು, ಸದಾ ಚಾಲೂ ಇರುವ ಸೆನ್ಸರ್‌ಗೆ ಇನ್ನೊಂದು 5. ಒಟ್ಟು 15 ಎಂದರೆ 2500 ಎಂಎಎಚ್ ಏಳು ದಿನಕ್ಕೆ ಮುಗಿಯಲೇಬೇಕು. ದೀಪ ಕಿತ್ತುಹಾಕಿ, ಕಡಿಮೆ ನಷ್ಟದ ರೆಗ್ಯುಲೇಟರ್ ಇರುವ ಬೋರ್ಡ್ ಬಳಸಿ. ಸೆನ್ಸರ್‌ಗೆ ಬೋರ್ಡಿನ ಒಂದು ಜಿಪಿಐಒ ಪಿನ್‌ನಿಂದಲೇ (ಕೋಡ್‌ನಿಂದ ಆನ್-ಆಫ್ ಮಾಡಬಹುದಾದ ಪಿನ್) ವಿದ್ಯುತ್ ಕೊಡಿ: ಪಿನ್ ಆನ್, ಅರ್ಧ ಸೆಕೆಂಡ್ ಬಿಡುವು, 20 ಸಲ ಓದಿ ನಡುವಿನ ಬೆಲೆ ತೆಗೆದುಕೊಂಡು ಪಿನ್ ಆಫ್. ಓದಲು 32ರಿಂದ 39ರವರೆಗಿನ ಪಿನ್‌ಗಳೇ ಆಗಲಿ. ಎರಡನೇ ಎಡಿಸಿಯ (ವೋಲ್ಟೇಜನ್ನು ಅಂಕಿಯಾಗಿಸುವ ಭಾಗ) ಪಿನ್‌ಗಳು ವೈಫೈ ನಡೆಯುವಾಗ ಕೆಲಸಕ್ಕೆ ಬಾರವು.

ಮಣ್ಣುಗಾರ:
ಹಲಗೆ ಸರಿಯಿದ್ದೂ ‘ಒಣ’ ಎಂದರೆ ಸೆನ್ಸರ್‌ಗೂ ಮಣ್ಣಿಗೂ ನಡುವೆ ಗಾಳಿ ಇದೆ. ಅದು ಆ ಗಾಳಿಯನ್ನೇ ಓದುತ್ತಿದೆ. ತೆಳುವಾದ ಪಟ್ಟಿಯಿಂದ ಸೀಳು ಮಾಡಿ, ಅದೇ ಮಣ್ಣನ್ನು ಗಂಜಿಯಂತೆ ಕಲಸಿ ಸುರಿದು, ಸೆನ್ಸರ್ ಓರೆಯಾಗಿ ಇಳಿಸಿ. ನೆಟ್ಟಗೆ ನೆಟ್ಟರೆ ನೀರು ಅದರ ಬೆನ್ನಿನ ಮೇಲೇ ಹರಿದು ಹೋಗುತ್ತದೆ. ಡ್ರಿಪ್ಪರ್‌ನಿಂದ 10–15 ಸೆಂ.ಮೀ. ದೂರ, 15 ಸೆಂ.ಮೀ. ಆಳ ಇರಲಿ. ಜೇಡಿಯಲ್ಲಿ ಬಿರುಕು ಸೆನ್ಸರ್ ಪಕ್ಕದಲ್ಲೇ ಬಾಯಿ ಬಿಡುತ್ತದೆ. ಅಲ್ಲಿ 20 ಸೆಂ.ಮೀ.ಗೂ ಕೆಳಗೆ, ಎಂದೂ ಪೂರ್ತಿ ಒಣಗದ ಜಾಗದಲ್ಲಿ ಹೂಳಿ.

ಕ್ಯಾಲಿಬ್ರೇಷನ್ ಮಣ್ಣಿನ ಬಗೆಗೊಂದು ಸಾಕು, 12 ಬೇಡ. ಮಣ್ಣನ್ನು 105 ಡಿಗ್ರಿ ಸೆಲ್ಸಿಯಸ್‌ನಲ್ಲಿ 24 ಗಂಟೆ ಒಣಗಿಸಿ. ಒಂದು ಲೀಟರ್ ಪಾತ್ರೆಯಲ್ಲಿ ಹೊಲದಲ್ಲಿರುವಷ್ಟೇ ಬಿಗಿಯಾಗಿ, ಅಂದಾಜು 1.3 ಕಿಲೋ, ತುಂಬಿ ಅಂಕಿ ಬರೆದುಕೊಳ್ಳಿ. ಮಣ್ಣು ಹೊರಗೆ ಸುರಿದು 50 ಮಿ.ಲೀ. ನೀರು ಬೆರೆಸಿ, ಮತ್ತೆ ಅದೇ ಗಾತ್ರಕ್ಕೆ ತುಂಬಿ ಓದಿ. ಒಂದೊಂದು 50 ಮಿ.ಲೀ. ಎಂದರೆ ಗಾತ್ರದ ಶೇ 5 ತೇವ. ಈ ಸೆನ್ಸರ್‌ನಲ್ಲಿ ತೇವ ಏರಿದಂತೆ ಅಂಕಿ ಇಳಿಯುತ್ತದೆ, ಕೋಡ್ ಬರೆಯುವವರು ಇದನ್ನೇ ತಿರುವುಮುರುವು ಮಾಡುತ್ತಾರೆ.

ಕಾಲುವೆಬದಿ:
ಮೂರು ಹಲಗೆಗಳಲ್ಲಿ ರೆಸಿಸ್ಟರ್ ಸೇರಿರಲಿಲ್ಲ, ಎರಡರಲ್ಲಿ ಎನ್‌ಇ555. ಇನ್ನೊಂದು ಪ್ರಶ್ನೆ: ನೀರು ಬಿಡುವ ಮಿತಿ ಎಷ್ಟಿರಬೇಕು?

ಮಣ್ಣುಗಾರ:
ಪುಸ್ತಕದ ಸಂಖ್ಯೆಗಿಂತ ನಿಮ್ಮ ಸೆನ್ಸರ್ ಬರೆದ ತೇವದ ಗೆರೆ ನೋಡಿ. ಮಣ್ಣು ಚೆನ್ನಾಗಿ ನೆನೆಯುವಷ್ಟು ನೀರು ಕೊಟ್ಟ ಮೇಲೆ ಅದು ಬೇಗ ಇಳಿದು, ಆಮೇಲೆ ಸಮನಾಗುತ್ತದೆ. ಮರಳಿನಲ್ಲಿ ಒಂದು ದಿನ, ಜೇಡಿಯಲ್ಲಿ ಎರಡು-ಮೂರು. ಆ ಸಮನಾದ ಬಿಂದುವೇ ಮಣ್ಣು ಹಿಡಿದಿಟ್ಟುಕೊಳ್ಳುವ ಗರಿಷ್ಠ ತೇವ. ಅದು ಶೇ 27, ಗಿಡ ಬಾಡುವ ಬಿಂದು ಶೇ 12 ಎಂದುಕೊಳ್ಳಿ. ನಡುವಿನ 15ರಲ್ಲಿ ಮೂರನೇ ಒಂದು ಭಾಗ ಖರ್ಚಾದಾಗ, ಅಂದರೆ 22ಕ್ಕೆ, ತರಕಾರಿಗೆ ನೀರು ಬಿಡಿ. ಗೊಬ್ಬರ ನೀರು ಹೋದ ದಿನದ ಅಂಕಿ ಲೆಕ್ಕಕ್ಕೆ ಬೇಡ. ಉಪ್ಪಿನಂಶ ಹೆಚ್ಚಿದಾಗ ಅಗ್ಗದ ಸೆನ್ಸರ್ ಮಣ್ಣು ಇದ್ದದ್ದಕ್ಕಿಂತ ಒದ್ದೆ ಎಂದು ತೋರಿಸುತ್ತದೆ.

ಹನಿಲೆಕ್ಕ:
ಶೇಕಡಾ ಕಳಿಸಬೇಡಿ, ನಿಮಿಷ ಕಳಿಸಿ. ‘ತೇವ 22’ ಎಂದು ಓದಿದವರು ಅದನ್ನಿಟ್ಟುಕೊಂಡು ಏನು ಮಾಡಬೇಕು? ಮೇಲಿನ ಉದಾಹರಣೆಯಲ್ಲಿ 30 ಸೆಂ.ಮೀ. ಬೇರಿನ ಆಳಕ್ಕೆ ಶೇ 5 ಎಂದರೆ 15 ಮಿ.ಮೀ. ನೀರು. ಹನಿಯಿಂದ ನೆನೆಯುವುದು ನೆಲದ ಶೇ 40 ಆದರೆ 6 ಮಿ.ಮೀ. ಸಾಕು. ಗಂಟೆಗೆ 2 ಲೀಟರ್‌ನ ಡ್ರಿಪ್ಪರ್, 40 ಸೆಂ.ಮೀ. ಅಂತರ, ಸಾಲಿನಿಂದ ಸಾಲಿಗೆ 1 ಮೀಟರ್ ಇದ್ದರೆ ಗಂಟೆಗೆ 5 ಮಿ.ಮೀ. ಬೀಳುತ್ತದೆ. ಕಳಿಸಬೇಕಾದ ಎಸ್‌ಎಂಎಸ್: ‘3ನೇ ವಾಲ್ವ್, 72 ನಿಮಿಷ’. ಡ್ರಿಪ್ಪರ್ ಕಟ್ಟಿಕೊಂಡಿದ್ದರೆ ಈ ಲೆಕ್ಕವೆಲ್ಲ ಸುಳ್ಳು. ತಿಂಗಳಿಗೊಮ್ಮೆ ಹತ್ತು ಡ್ರಿಪ್ಪರ್ ಕೆಳಗೆ ಲೋಟ ಹಿಡಿಯಿರಿ, ನಿಮಿಷಕ್ಕೆ 33 ಮಿ.ಲೀ. ಬರಬೇಕು.

ಇನ್ನೊಂದು, ದಯವಿಟ್ಟು ಮರೆಯಬೇಡಿ. ಸೆನ್ಸರ್ ಸತ್ತರೆ ಎಸ್‌ಎಂಎಸ್ ಬರುವುದಿಲ್ಲ, ಎಸ್‌ಎಂಎಸ್ ಬಾರದಿದ್ದರೆ ‘ನೀರು ಬೇಡ’ ಎಂದೇ ರೈತರು ತಿಳಿಯುತ್ತಾರೆ, ಬೆಳೆ ಬಾಡುತ್ತದೆ. 24 ಗಂಟೆ ಅಂಕಿ ಬಾರದಿದ್ದರೆ ‘ಸೆನ್ಸರ್ ಕೆಟ್ಟಿದೆ, ಮಣ್ಣು ಮುಟ್ಟಿ ನೋಡಿ’ ಎಂಬ ಸಂದೇಶ ಸರ್ವರ್‌ನಿಂದಲೇ ಹೋಗುವಂತೆ ಬರೆಯಿರಿ.